ಸಮಾಧಾನದ ಪಾಲಿಷ್

ಮಾರ್ಚ್ 3, ಸೋಮವಾರ

ಕೀಲು ಡಾಕ್ಟರಿಗೆ ದಿನಾ ನೋವಿನ ಅಂಕ ಬೇಕಂತೆ. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾರದ್ದು. ಅವರು ಕೊಟ್ಟ ಹಾಳೆಯಲ್ಲಿ ಐದು ಅಂತ ಬರೆದೆ. ಹೋದ ತಿಂಗಳೂ ಐದೇ ಬರೆದಿದ್ದೆ. ಐದು ಅಂದರೆ ಯಾರಿಗೂ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ಬರೆದರೆ ಆ ಮನುಷ್ಯ ಹುಬ್ಬು ಗಂಟಿಕ್ಕಿ, ಕೆಲಸ ಬಿಟ್ಟು ಸ್ವಲ್ಪ ದಿನ ಮನೆಯಲ್ಲಿರಿ ಅನ್ನುತ್ತಾರೆ. ಗಂಡ ಅನ್ನಿಸಿಕೊಂಡವರು ಪಕ್ಕದಲ್ಲೇ ಕೂತು ತಲೆಯಾಡಿಸುತ್ತಾರೆ. ಲ್ಯಾಬಿನಲ್ಲಿ ನಾನು ಕೂತು ಕೆಲಸ ಮಾಡುವ ಬೆಂಚು ಹೋಗುತ್ತದೆ.

ಆ ಹಾಳೆ ಅವರಿಗೆ. ಈ ಪುಸ್ತಕ ನನಗೆ. ಇಲ್ಲಿ ಬೇಕಾದವರನ್ನು ಬೈಯುತ್ತೇನೆ.

ಕೈಗಳ ಬಗ್ಗೆ ನನಗೆ ದೂರಿಲ್ಲ. ಹನ್ನೆರಡು ವರ್ಷದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ, ಬಿಸಿನೀರಿನಲ್ಲಿ ಅದ್ದಿಟ್ಟು ಒಂದೊಂದನ್ನೇ ಗೋಗರೆದು ಎಬ್ಬಿಸಬೇಕು. ಗೆಣ್ಣು ಊದುತ್ತದೆ, ಇಳಿಯುತ್ತದೆ. ಅದು ಗೊತ್ತಿರುವ ಶತ್ರು. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ನನಗೆ ಗೊತ್ತು. ಪೆನ್ನಿಗೆ ಬಟ್ಟೆ ಸುತ್ತಿಕೊಂಡರೆ ಹೀಗೆ ಬರೆಯಲೂ ಬರುತ್ತದೆ.

ಈ ಎಡಗಾಲು ಹಾಗಲ್ಲ. ವರ್ಷದ ಶುರುವಿನಲ್ಲಿ ಹೇಳದೆ ಕೇಳದೆ ಬಂತು. ತೊಡೆಯ ಹೊರಬದಿಯಿಂದ ಪಾದದವರೆಗೆ ಯಾರೋ ಕಾದ ಎಣ್ಣೆ ಸುರಿದ ಹಾಗೆ. ಹೊದಿಕೆಯ ಅಂಚು ತಾಗಿದರೆ ಸಾಕು, ಜೀವ ಬಾಯಿಗೆ ಬರುತ್ತದೆ. ನೋಡಿದರೆ ಏನೂ ಇಲ್ಲ. ಕೆಂಪಿಲ್ಲ, ಊತವಿಲ್ಲ, ಒಂದು ಗೀರಿಲ್ಲ. ನಿಮ್ಮ ರಕ್ತದ ರಿಪೋರ್ಟು ತುಂಬಾ ಚೆನ್ನಾಗಿದೆ, ಸಂಧಿವಾತ ಹತೋಟಿಯಲ್ಲಿದೆ, ಸಂತೋಷಪಡಬೇಕು ಅಂದರು ಕೀಲು ಡಾಕ್ಟರು. ಸಂತೋಷಪಟ್ಟೆ. ಕಾಲು ಮಾತ್ರ ಸಂತೋಷಪಡಲಿಲ್ಲ.

ಮಾರ್ಚ್ 5, ಬುಧವಾರ

ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ನನ್ನ ಬೆಂಚು ಕಿಟಕಿಯ ಕೆಳಗಿದೆ. ನೆರಳು ಬೀಳದ ಬೆಳಕು. ಪ್ಲಾಸ್ಟರಿನ ಅಚ್ಚಿನ ಮೇಲೆ ಮೇಣದ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ನೆಡುವುದು ನನ್ನ ಕೆಲಸ. ಬಾಯಿಲ್ಲದವರಿಗೆ ಬಾಯಿ ಮಾಡಿಕೊಡುತ್ತೇನೆ ಅಂತ ಹಳೆಯ ಮಾಲೀಕರು ನಗುತ್ತಿದ್ದರು. ನನಗೆ ಮೇಣದಕ್ಕ ಅಂತ ಹೆಸರಿಟ್ಟವರೂ ಅವರೇ. ಈಗ ಇರುವುದು ಅವರ ಮಗ. ಇವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನಾನು ಆ ಕಿಟಕಿಯ ಕೆಳಗಿದ್ದೇನೆ.

ಇವತ್ತು ಟೀ ಲೋಟ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತ. ಲೋಟ ಹಿಡಿದು ಬಂದರೆ ಏನೋ ಕಿತ್ತುಕೊಳ್ಳಲು ಬಂದಿದ್ದಾನೆ ಅಂತಲೇ ಅರ್ಥ. ಕೌಂಟರಿನ ಹುಡುಗಿ ಕೆಲಸ ಬಿಟ್ಟಿದ್ದಾಳಂತೆ. ಫೋನು ಎತ್ತುವುದು, ಡಾಕ್ಟರುಗಳಿಂದ ಬಂದ ಡಬ್ಬಿ ಇಳಿಸಿಕೊಳ್ಳುವುದು, ಆರಾಮಿನ ಕೆಲಸವಂತೆ, ನನ್ನ ಕೈಗೂ ಒಳ್ಳೆಯದಂತೆ. ನನ್ನ ಕೈಯ ವಿಷಯ ನನಗೆ ಬಿಡು ಅಂದೆ. ಒಂದು ಸೆಟ್ಟು ಮುಗಿಸಲು ಮೊದಲಿಗಿಂತ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ, ತಿಂಗಳ ಕೊನೆಯವರೆಗೆ ನೋಡುತ್ತೇನೆ, ತಪ್ಪು ತಿಳಿಯಬೇಡಿ ಅಂದ.

ತಪ್ಪು ತಿಳಿಯದೆ ಇನ್ನೇನು ತಿಳಿಯಲಿ. ಆ ಬೆಂಚಿನಲ್ಲಿ ಕೂತಾಗ ನಾನು ಕೆಲಸಗಾತಿ. ಅದರಿಂದ ಎದ್ದರೆ ನಾನು ಬರೀ ರೋಗಿ. ಅಷ್ಟು ಅರ್ಥವಾಗದವನಿಗೆ ಹೇಳಿ ಏನು ಪ್ರಯೋಜನ.

ಕಾಲಿನ ವಿಷಯ ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ. ಬೆಂಚಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಚಪ್ಪಲಿ ಬಿಚ್ಚಿ ಪಾದ ಅದರ ಮೇಲೆ ಇಟ್ಟುಕೊಳ್ಳುತ್ತೇನೆ.

ಮಾರ್ಚ್ 6, ಗುರುವಾರ

ಇವತ್ತು ಒಂದು ಮೇಲಿನ ಸೆಟ್ಟು ವಾಪಸ್ ಬಂತು. ಯಾವನೋ ಮುದುಕ. ಹಲ್ಲಿನ ಡಾಕ್ಟರ ಚೀಟಿಯಲ್ಲಿ 'ನೋವು ಎನ್ನುತ್ತಾರೆ, ಕಾರಣ ಕಾಣುತ್ತಿಲ್ಲ' ಅಂತಿದೆ. ಹೋದ ತಿಂಗಳೂ ಇದೇ ಸೆಟ್ಟು ಹೀಗೇ ಬಂದಿತ್ತು. ನಾನೇ ನೆಟ್ಟ ಹಲ್ಲು. ಹಿಡಿದು, ತಿರುಗಿಸಿ, ಬೆಳಕಿಗೆ ಒಡ್ಡಿ ನೋಡಿದೆ. ಕಚ್ಚು ಸರಿಯಿದೆ, ಅಂಚು ಸರಿಯಿದೆ. ನೋವಂತೆ. ಮನೆಯಲ್ಲಿ ಮಾಡಲು ಕೆಲಸವಿಲ್ಲದಿದ್ದರೆ ಎಲ್ಲ ನೋಯುತ್ತದೆ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ, ಹಳೆಯ ಮಾಲೀಕರ ಕಾಲದ್ದು. ಸೆಟ್ಟನ್ನು ಎರಡು ದಿನ ಕಪಾಟಿನಲ್ಲಿ ಸುಮ್ಮನೆ ಇಡುವುದು. ಆಮೇಲೆ ಪಾಲಿಷ್ ಚಕ್ರಕ್ಕೆ ಹಿಡಿದು ಹೊರಮೈ ಫಳಫಳ ಹೊಳೆಯುವ ಹಾಗೆ ಮಾಡಿ, 'ಸರಿಪಡಿಸಿದೆ' ಅಂತ ಬರೆದು ಕಳಿಸುವುದು. ಸಮಾಧಾನದ ಪಾಲಿಷ್ ಅಂತ ಕರೆಯುತ್ತೇವೆ. ಹತ್ತರಲ್ಲಿ ಎಂಟು ಜನ ಈಗ ಹಾಯಾಗಿದೆ ಅನ್ನುತ್ತಾರೆ. ಇನ್ನಿಬ್ಬರು ಬೇರೆ ಲ್ಯಾಬಿಗೆ ಹೋಗುತ್ತಾರೆ, ಅದೂ ಒಳ್ಳೆಯದೇ.

ಈ ಮುದುಕನದಕ್ಕೆ ಎರಡು ದಿನವೂ ಕಾಯಲಿಲ್ಲ. ಮಧ್ಯಾಹ್ನವೇ ಚಕ್ರಕ್ಕೆ ಕೊಟ್ಟೆ.

ಮಾರ್ಚ್ 10, ಸೋಮವಾರ

ನರದ ಡಾಕ್ಟರು. ತೆಳ್ಳಗಿನ ಬೆರಳು, ಇಸ್ತ್ರಿ ಮಾಡಿದ ಮುಖ. ಕಾಲಿಗೆ ಸೂಜಿ ಚುಚ್ಚಿ ಕರೆಂಟು ಹಾಯಿಸಿದರು. ನಾನು ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಪರದೆಯ ಮೇಲೆ ಗೆರೆಗಳು ಕುಣಿದವು. ಎಲ್ಲ ಸರಿಯಾಗಿದೆ ಅಂದರು. ಸೊಂಟದ ಸ್ಕ್ಯಾನ್ ಸರಿಯಾಗಿದೆ, ಸಕ್ಕರೆ ಸರಿಯಾಗಿದೆ, ನರ ಸರಿಯಾಗಿದೆ. ಸರಿಯಾಗಿಲ್ಲದ್ದು ನಾನೊಬ್ಬಳೇ.

ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ, ಮಗುವನ್ನು ಕೇಳುವ ಧ್ವನಿಯಲ್ಲಿ ಕೇಳಿದರು. "ಮನೇಲಿ ಏನಾದ್ರೂ ಟೆನ್ಷನ್ನಾ?"

ಕಾಲು ಹೀಗೆ ಉರಿದರೆ ನಿಮ್ಮ ಮನೆಯಲ್ಲೂ ಇರುತ್ತದೆ ಅಂದೆ. ಅವರು ನಕ್ಕರು. ಪಕ್ಕದಲ್ಲಿದ್ದ ನಮ್ಮವರೂ ನಕ್ಕರು. ಇಬ್ಬರನ್ನೂ ಅಲ್ಲೇ ಬಿಟ್ಟು ಎದ್ದು ಬರಬೇಕಿತ್ತು, ಚಪ್ಪಲಿ ಹಾಕಿಕೊಳ್ಳಲು ಆಗದೆ ಕೂತೆ. ಒಂದು ಮಾತ್ರೆ ಬರೆದುಕೊಟ್ಟರು. ಯಾತಕ್ಕೆ ಅಂತ ಕೇಳಿದರೆ ನೋಡೋಣ ಅಂದರು. ಎಷ್ಟು ನೋವು ಅಂತ ಅವರೂ ಕೇಳಿದರು. ಐದು ಅಂದೆ.

ದಾರಿಯಲ್ಲಿ ಇವರಿಗೆ ಸಂಭ್ರಮ. ಏನೂ ಇಲ್ಲ ಅಂದರಲ್ಲ, ದೊಡ್ಡ ಭಾರ ಇಳಿಯಿತು ಅಂತ ಎರಡು ಸಲ ಹೇಳಿದರು. ಸ್ಕೂಲ್ ಬಸ್ಸು ಓಡಿಸಿ ಓಡಿಸಿ ಈ ಮನುಷ್ಯನಿಗೆ ಎಲ್ಲವೂ ಮಕ್ಕಳ ಹೊಟ್ಟೆನೋವಿನ ಹಾಗೆ ಕಾಣುತ್ತದೆ. ಮನೆ ಬರುವವರೆಗೆ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಮಾರ್ಚ್ 11, ಮಂಗಳವಾರ

ಕೈಯೂ ಹಿಡಿದಿದೆ, ಕಾಲೂ ಉರಿಯುತ್ತಿದೆ. ಅಂಕವಂತೆ ಅಂಕ. ಹಾಳಾಗಿ ಹೋಗಲಿ.

ಮಾರ್ಚ್ 13, ಗುರುವಾರ

ಆ ಮಾತ್ರೆ ನುಂಗಿದರೆ ತಲೆಗೆ ಹತ್ತಿ ತುರುಕಿದ ಹಾಗಾಗುತ್ತದೆ. ಕಾಲಿನ ಉರಿ ಹೋಗುವುದಿಲ್ಲ, ಉರಿಯುತ್ತಿರುವುದು ನನ್ನ ಕಾಲೋ ಪಕ್ಕದವಳ ಕಾಲೋ ಅಂತ ಅನುಮಾನ ಬರುತ್ತದೆ, ಅಷ್ಟೇ.

ಇವತ್ತು ನಾನು ಎಡಗಡೆಯ ಕೋರೆಹಲ್ಲನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ನೆಟ್ಟೆ. ಕೆಲಸ ಕಲಿಯಲು ಬಂದವರು ಮೊದಲ ವಾರದಲ್ಲಿ ಮಾಡುವ ತಪ್ಪು. ಯಾರೂ ನೋಡದೆ ಇದ್ದಿದ್ದರೆ ಮೇಣ ಕರಗಿಸಿ ಬದಲಾಯಿಸಿಬಿಡುತ್ತಿದ್ದೆ. ಮಾಲೀಕ ನೋಡಿದ. ಅಚ್ಚನ್ನು ಎತ್ತಿಕೊಂಡು ಎಲ್ಲರಿಗೂ ಕಾಣುವ ಹಾಗೆ ಒಮ್ಮೆ ತಿರುಗಿಸಿ, ಮೆತ್ತಗೆ ಕೆಳಗಿಟ್ಟು ಹೋದ. ಪಾಲಿಷ್ ಮಾಡುವವನು, ಈ ಬಾಯಿ ಹಿಂದಕ್ಕೆ ನಡೆಯುತ್ತದೆ ಅಂತ ತಮಾಷೆ ಮಾಡಿದ. ಎಲ್ಲ ಹಲ್ಲು ಗಿಂಜಿದರು. ಹಲ್ಲಿಗೆ ನಮ್ಮಲ್ಲಿ ಬರವಿಲ್ಲ.

ಮಾತ್ರೆ ಇನ್ನು ಅರ್ಧ. ಉರಿದರೆ ಉರಿಯಲಿ, ಕೋರೆಹಲ್ಲು ಗೊತ್ತಾಗಬೇಕು.

ಮಾರ್ಚ್ 17, ಸೋಮವಾರ

ಮೈಯೆಲ್ಲ ಉರಿಯುತ್ತಿದೆ, ಇವತ್ತು ಕಾಲಿನಿಂದಲ್ಲ.

ಆ ಮುದುಕ ನೆಟ್ಟಗೆ ಲ್ಯಾಬಿಗೇ ಬಂದುಬಿಟ್ಟ. ಹಾಗೆ ಯಾರೂ ಬರುವುದಿಲ್ಲ. ರೋಗಿಗಳಿಗೆ ಡಾಕ್ಟರು, ಡಾಕ್ಟರಿಗೆ ಮಾಲೀಕ, ಮಾಲೀಕನಿಗೆ ನಾವು, ಇದು ಕ್ರಮ. ಡಬ್ಬಿಯ ಮೇಲಿನ ವಿಳಾಸ ನೋಡಿಕೊಂಡು ಬಂದನಂತೆ. ಎತ್ತರದ ಆಳು, ಬಟ್ಟೆ ಅಚ್ಚುಕಟ್ಟು, ಬಾಯಿ ಖಾಲಿ. ಹಲ್ಲುಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಕೌಂಟರಿನಲ್ಲಿ ಯಾರೂ ಇಲ್ಲದ್ದರಿಂದ ಒಳಗೇ ನುಗ್ಗಿ, ಇದನ್ನು ಮಾಡಿದವರು ಯಾರು ಅಂದ. ಹಲ್ಲಿಲ್ಲದಿದ್ದರೂ ಎಂಥಾ ಗಂಟಲು. ಚಕ್ರ ನಿಂತುಹೋಯಿತು. ಆಯುಷ್ಯಪೂರ್ತಿ ಹರಾಜು ಕೂಗಿದವನಂತೆ. ನಂಬಿದೆ.

ಸರಿಪಡಿಸಿ ಕಳಿಸಿದ್ದೇವಲ್ಲ ಅಂದೆ. ಅವನು ಕರವಸ್ತ್ರ ಬಿಚ್ಚಿ, ಸೆಟ್ಟನ್ನು ಬೋರಲು ಮಾಡಿ ನನ್ನ ದೀಪದ ಕೆಳಗೆ ಹಿಡಿದ. ಒಳಗಡೆ, ವಸಡಿಗೆ ಕೂರುವ ಬದಿಯಲ್ಲಿ, ಸೂಜಿಯಿಂದ ಗೀರಿದ ಒಂದು ಸಣ್ಣ ಕತ್ತರಿ ಗುರುತು.

"ಹರಾಜಿಗೆ ಬಂದ ಮಾಲಿನ ಅಡಿಗೆ ಒಂದು ಗುರುತು ಹಾಕೋದು ನಮ್ಮ ಅಭ್ಯಾಸ ಕಣಮ್ಮಾ. ಆವತ್ತು ನೋಯ್ತಿದ್ದ ಜಾಗಕ್ಕೇ ಹಾಕಿದೆ. ಎರಡು ಸಲ ಬಂದು ಹೋಯ್ತು. ಗುರುತು ಹಾಗೇ ಇದೆ. ಮೇಲುಗಡೆ ಮಾತ್ರ ಕನ್ನಡಿ ಥರ ಹೊಳೀತಿದೆ."

ಎಷ್ಟು ಕೊಬ್ಬು. ಗುರುತು ಹಾಕಿ ನಮ್ಮನ್ನು ಪರೀಕ್ಷೆ ಮಾಡುತ್ತಾನಂತೆ. ನಿಮ್ಮ ಗೀರೇ ಚುಚ್ಚುತ್ತಿರಬೇಕು ಅಂದೆ. ಗೀರು ಹಾಕಿದ್ದು ನೋವು ಬಂದ ಮೇಲೆ ಅಂದ. ಕಳ್ಳನ ಹಾಗೆ ನಿಲ್ಲಿಸಿಬಿಟ್ಟ ನನ್ನನ್ನು, ಅದೂ ನನ್ನ ಬೆಂಚಿನ ಮುಂದೆ. ಬಿಟ್ಟು ಹೋಗಿ, ನೋಡುತ್ತೇನೆ ಅಂದೆ. ನೋಡ್ತೀರಾ, ಅಥವಾ ಹೊಳಪು ಕೊಡ್ತೀರಾ ಅಂತ ಕೇಳಿ ಹೋದ.

ಮಾಲೀಕ ಅಷ್ಟು ಹೊತ್ತೂ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡ.

ಮಾರ್ಚ್ 18, ಮಂಗಳವಾರ

ಮುದುಕನ ಸೆಟ್ಟನ್ನು ಕೂದಲು ಸೀಳಿದ ಹಾಗೆ ಪರೀಕ್ಷೆ ಮಾಡಿದೆ. ಹತ್ತಿಯ ಎಳೆ ತೆಗೆದುಕೊಂಡು ಒಳಮೈಯೆಲ್ಲ ಸವರಿದೆ, ಎಲ್ಲಾದರೂ ಚೂಪು ಇದ್ದರೆ ಎಳೆ ಸಿಕ್ಕಿಕೊಳ್ಳಬೇಕು. ಅವನ ಗೀರಿನಲ್ಲಿ ಬಿಟ್ಟು ಎಲ್ಲೂ ಸಿಕ್ಕಲಿಲ್ಲ. ಅಚ್ಚಿನ ಮೇಲೆ ಕೂರಿಸಿದೆ, ಅಲುಗುವುದಿಲ್ಲ. ಕಚ್ಚಿಸಿ ನೋಡಿದೆ, ಎರಡು ಬದಿಯೂ ಒಂದೇ ಸಲ ಕೂಡುತ್ತದೆ.

ಎಲ್ಲ ಸರಿಯಾಗಿದೆ. ನನ್ನ ಕೆಲಸದಲ್ಲಿ ಲೋಪವಿಲ್ಲ. ಅವನ ಮುಖಕ್ಕೆ ಹೊಡೆದ ಹಾಗೆ ಹೇಳಬಹುದು. ಬಹಳ ದಿನಗಳ ಮೇಲೆ ಸಂತೋಷವಾಯಿತು.

ಮಾರ್ಚ್ 20, ಗುರುವಾರ

ಮಾಲೀಕ ಲೋಟವಿಲ್ಲದೆ ಬಂದ. ಮುದುಕನ ಸೆಟ್ಟು ಇನ್ನೂ ಯಾಕೆ ಇಲ್ಲಿದೆ ಅಂತ ಕೇಳಿದ. ಏನೂ ದೋಷ ಸಿಗಲಿಲ್ಲ ಅಂದೆ. ಹಾಗಿದ್ದರೆ ಒಳಗೂ ಸ್ವಲ್ಪ ಉಜ್ಜಿ ಆ ಗೀರು ಅಳಿಸಿ, ಸರಿಪಡಿಸಿದೆ ಅಂತ ಬರೆದು ಕಳಿಸಿ ಅಂದ. ಹಲ್ಲಿನ ಡಾಕ್ಟರು ನಮಗೆ ದೊಡ್ಡ ಗಿರಾಕಿಯಂತೆ. ಇನ್ನೊಂದು ಸಲ ನನ್ನ ಕೈಯ ಕೆಲಸ ವಾಪಸ್ ಬಂದರೆ ತಿಂಗಳ ಕೊನೆಯವರೆಗೂ ಕಾಯುವುದಿಲ್ಲವಂತೆ, ಬೆಂಚಿಗೆ ಬೇರೆಯವನನ್ನು ನೋಡಿಟ್ಟಿದ್ದಾನಂತೆ. ಇದು ಸುಸೂತ್ರವಾಗಿ ಮುಗಿದರೆ ಬೆಂಚಿನ ಮಾತೇ ಎತ್ತುವುದಿಲ್ಲವಂತೆ. "ಮೇಣದಕ್ಕ, ನಿಮ್ಮ ಕೈಲೇ ಇದೆ ನೋಡಿ," ಅಂದ.

ಎರಡು ನಿಮಿಷದ ಕೆಲಸ. ಒಳಗೆ ಉಜ್ಜುವ ಸಣ್ಣ ಕಲ್ಲು ಹಾಕಿಕೊಂಡು ಕೂತೂ ಆಯಿತು. ಆಗ ಕಾಲು ಹತ್ತಿಕೊಂಡಿತು ನೋಡು. ಒದ್ದೆ ಬಟ್ಟೆ, ತಣ್ಣಗಿನ ನೆಲ, ಯಾವುದಕ್ಕೂ ಬಗ್ಗಲಿಲ್ಲ. ಕಣ್ಣು ಕತ್ತಲಿಟ್ಟು ಬಂತು. ಕಲ್ಲು ಕೆಳಗಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಕೌಂಟರಿಗೆ ಹೋಗಿ, ಮುದುಕ ಬರೆದಿಟ್ಟು ಹೋಗಿದ್ದ ನಂಬರಿಗೆ ಫೋನು ಮಾಡಿದೆ. ನಾಳೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬನ್ನಿ, ಬೇಗ ಬನ್ನಿ, ನನಗೆ ಕೆಲಸವಿದೆ ಅಂದೆ. ಯಾಕೆ ಅಂತ ಕೇಳಿದ. ಬರಬೇಕಾದರೆ ಬನ್ನಿ ಅಂತ ಇಟ್ಟೆ. ಗುರುತನ್ನು ಅವನ ಕಣ್ಣೆದುರಿಗೇ ಅಳಿಸಿ ಬಾಯಿ ಮುಚ್ಚಿಸುವುದು ಅಂತ ಲೆಕ್ಕ.

ಮಾರ್ಚ್ 21, ಶುಕ್ರವಾರ

ಬೆರಳು ಊದಿದೆ. ಆದರೂ ಇದನ್ನು ಬರೆಯಬೇಕು.

ಮುದುಕ ಬಂದ. ಎಲ್ಲರೂ ಊಟಕ್ಕೆ ಹೋಗಿದ್ದರು. ನನ್ನ ಸ್ಟೂಲಿನ ಎದುರು ಪ್ಲಾಸ್ಟರ್ ಮೂಟೆಯ ಮೇಲೆ ಕೂರಿಸಿದೆ. ಸೆಟ್ಟು ಕೈಗೆ ಕೊಟ್ಟು ಹಾಕಿಕೊಳ್ಳಿ ಅಂದೆ. ಮಾತಾಡಿ, ಅಗಿಯಿರಿ, ಆಕಳಿಸಿ ಅಂದೆ. ನನ್ನ ಡಬ್ಬಿಯ ಬ್ರೆಡ್ಡು ಕೊಟ್ಟೆ. ಅವನು ತಿಂದ. ಸೆಟ್ಟು ಬಂಡೆಯ ಹಾಗೆ ಕೂತಿತ್ತು. ಇಂಥ ಕೆಲಸ ಊರಲ್ಲಿ ಇನ್ಯಾರು ಮಾಡುತ್ತಾರೆ ತೋರಿಸಲಿ.

ಎಲ್ಲಿ ನೋವು ಹೇಳಿ ಅಂದೆ. ಬೆರಳು ಬಾಯಿಯ ಹತ್ತಿರ ತಂದು, ತೋರಿಸಲಾಗದೆ ಕೆಳಗಿಳಿಸಿದ. ಒಂದು ಕಡೆ ಇರೋದಿಲ್ಲ, ಓಡಾಡುತ್ತದೆ ಅಂದ. ಹೇಗಿರುತ್ತದೆ ಅಂದೆ. ಉರಿ. ಬಿಸಿ ಟೀ ಕುಡಿದು ಸುಟ್ಟುಕೊಂಡ ಹಾಗೆ, ಆದರೆ ಟೀ ಕುಡಿದೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಏನೂ ಇಲ್ಲ. ಸೆಟ್ಟು ತೆಗೆದಿಟ್ಟರೆ ಅಂತ ಕೇಳಿದೆ. ಇದನ್ನು ನಾನು ಮೊದಲೇ ಕೇಳಬೇಕಿತ್ತು, ಯಾರೂ ಕೇಳಿಲ್ಲ.

"ತೆಗೆದಿಟ್ರೂ ಉರಿಯುತ್ತೆ ಕಣಮ್ಮಾ. ಹೇಳಿದ್ರೆ ನಗ್ತಾರೆ ಅಂತ ಹೇಳಿಲ್ಲ."

ಅಂದರೆ ಸೆಟ್ಟಿನ ತಪ್ಪಲ್ಲ. ನಾನು ಗೆದ್ದೆ. ಅದನ್ನೇ ಹೇಳಿದೆ, ನನ್ನ ಹಲ್ಲಿನ ತಪ್ಪಲ್ಲ ಇದು ಅಂತ. ಅವನು ಒಪ್ಪಿಕೊಂಡ. ಆದರೆ ಹಲ್ಲಿನ ಡಾಕ್ಟರು ಹೇಳುತ್ತಾರಂತೆ, ಎರಡು ಸಲ ಲ್ಯಾಬಿನಲ್ಲಿ ಸರಿ ಮಾಡಿಸಿದ್ದೇನೆ, ಇನ್ನೂ ನೋವು ಅಂದರೆ ಅದು ನಿಮ್ಮ ತಲೆಯಲ್ಲಿದೆ ಅಂತ. ಬೇರೆ ದೊಡ್ಡ ಡಾಕ್ಟರ ಹತ್ತಿರ ಕಳಿಸಿ ಅಂದರೆ ಕಳಿಸುವುದಿಲ್ಲವಂತೆ. ನೀವು ಏನೂ ಮಾಡಿಲ್ಲ ಅಂತ ಅವರಿಗೆ ಗೊತ್ತಾದರೆ ಸಾಕು, ಆಮೇಲೆ ನಾನು ನೋಡಿಕೊಳ್ಳುತ್ತೇನೆ ಅಂದ. ಹಾಗೆ ಹೇಳಿದರೆ ನನ್ನ ಬೆಂಚು ಹೋಗುತ್ತದೆ ಅಂದೆ. ನನ್ನ ಬೆಂಚಿನ ವಿಷಯ ಇವನಿಗೆ ಯಾಕೆ ಹೇಳಿದೆನೋ.

ಮುದುಕ ಬ್ರೆಡ್ಡಿನ ಪುಡಿ ಒರೆಸಿಕೊಂಡ. ನಿಮ್ಮ ಡಾಕ್ಟರೂ ಹತ್ತರಲ್ಲಿ ಎಷ್ಟು ಅಂತ ಕೇಳುತ್ತಾರಾ ಅಂದೆ. ಕೇಳುತ್ತಾರೆ ಅಂದ. ಎಷ್ಟು ಹೇಳುತ್ತೀರಿ ಅಂದೆ.

"ನಿಜವಾಗ್ಲೂ ಆರು. ನಾನು ಎಂಟು ಅಂತೀನಿ. ಕೂಗಿದ ಬೆಲೆಗೆ ಯಾರಾದ್ರೂ ಕೊಳ್ತಾರಾ? ಅವ್ರು ಹೇಗೂ ಇಳಿಸ್ತಾರೆ. ನೀವು?"

ನನಗೇನೂ ನೋವಿಲ್ಲ ಅಂದೆ. ಅವನು ಬೆಂಚಿನ ಕೆಳಗೆ, ಒದ್ದೆ ಬಟ್ಟೆಯ ಮೇಲಿದ್ದ ನನ್ನ ಬರಿಗಾಲನ್ನು ನೋಡಿದ. ತಾಗದಿರಲಿ ಅಂತ ತನ್ನ ಕಾಲು ಹಿಂದಕ್ಕೆಳೆದುಕೊಂಡ.

"ಐದು ಅಂತೀನಿ," ಅಂದೆ.

"ಅಷ್ಟು ಕಮ್ಮಿಗೆ ಹೊಡೆದ್ರೆ ಮಾಲಿಗೆ ಬೆಲೆ ಎಲ್ಲಮ್ಮಾ ಬರುತ್ತೆ," ಅಂತ ನಕ್ಕ. ನನ್ನ ಹಲ್ಲುಗಳು ಅವನ ಬಾಯಲ್ಲಿ ತುಂಬಾ ಚೆನ್ನಾಗಿ ಕಂಡವು. ಹೋಗಿ ಈಗ, ಎಲ್ಲರೂ ಬರುವ ಹೊತ್ತಾಯಿತು ಅಂತ ಎಬ್ಬಿಸಿದೆ. ಸೆಟ್ಟು ಅವನ ಬಾಯಲ್ಲೇ ಹೋಯಿತು. ಗೀರು ಅಳಿಸುವುದು ಮರೆತೇಹೋಯಿತು.

ಮುದುಕನ ಮೇಲೆ ನನಗೇನೂ ಕನಿಕರ ಬಂದಿಲ್ಲ. ಅಧಿಕಪ್ರಸಂಗಿ.

ಮಾರ್ಚ್ 22, ಶನಿವಾರ

ಹೋಯಿತು.

ಬೆಳಿಗ್ಗೆ ಹಲ್ಲಿನ ಡಾಕ್ಟರು ಫೋನು ಮಾಡಿದರು. ಕೌಂಟರಿನಲ್ಲಿ ಯಾರೂ ಇಲ್ಲ, ಬಾರಿಸುತ್ತಲೇ ಇತ್ತು, ತಲೆ ಚಿಟ್ಟು ಹಿಡಿದು ನಾನೇ ಎತ್ತಿದೆ. ಡಾಕ್ಟರ ಹತ್ತಿರ ಮಾತಾಡುವುದು ಮಾಲೀಕನ ಕೆಲಸ, ನಾವು ಮಾತಾಡುವ ಹಾಗಿಲ್ಲ. ಆ ಹರಾಜಿನವರ ಸೆಟ್ಟು ಏನಾಯಿತು ಅಂತ ಕೇಳಿದರು. ದೋಷವಿಲ್ಲ, ಆದರೆ ಅವರಿಗೆ ನೋವಿದೆ, ಸೆಟ್ಟು ತೆಗೆದರೂ ಇದೆಯಂತೆ ಅಂದೆ. ಅಷ್ಟೇ ಹೇಳಿ ಇಡಬೇಕು ಅಂತಲೇ ಇದ್ದೆ. ಬೆಂಚು ನನ್ನ ಕಣ್ಣಮುಂದೆಯೇ ಇತ್ತು, ದೀಪ ಉರಿಯುತ್ತಿತ್ತು, ಮೇಣ ಹದಕ್ಕೆ ಬಂದಿತ್ತು.

ಆ ಕಡೆಯಿಂದ ನಗು ಕೇಳಿಸಿತು. "ಒಬ್ಬರೇ ಇರ್ತಾರಲ್ಲಮ್ಮಾ, ಟೆನ್ಷನ್ ಅಷ್ಟೆ. ಇನ್ನೊಂದ್ಸಲ ಏನಾದ್ರೂ ಮಾಡಿದ ಹಾಗೆ ಮಾಡಿ ಕಳಿಸಿ."

ಪಿತ್ತ ನೆತ್ತಿಗೇರಿತು. ಆಮೇಲೆ ಬಾಯಿ ನನ್ನದಾಗಿರಲಿಲ್ಲ.

"ಟೆನ್ಷನ್ ಅಲ್ಲ ಸಾರ್. ಎರಡು ಸಲಾನೂ ನಾವು ಏನೂ ಮಾಡಿಲ್ಲ, ಮೇಲೆ ಪಾಲಿಷ್ ಹೊಡೆದು ಕಳಿಸಿದ್ದೀವಿ. ಅವರ ನೋವಿಗೆ ಇವತ್ತಿನವರೆಗೆ ಯಾರೂ ಏನೂ ಮಾಡಿಲ್ಲ. ನೀವೂ ಮಾಡಿಲ್ಲ, ನಾನೂ ಮಾಡಿಲ್ಲ. ಗೊತ್ತಾಗದಿದ್ರೆ ಗೊತ್ತಾಗೋರ ಹತ್ರ ಕಳಿಸಿ."

ಫೋನು ಇಟ್ಟು ತಿರುಗಿದರೆ ಮಾಲೀಕ ಹಿಂದೆಯೇ ನಿಂತಿದ್ದ. ಕೂಗಾಡಲಿಲ್ಲ. ಅವನಪ್ಪನಾಗಿದ್ದರೆ ಕೂಗಾಡುತ್ತಿದ್ದರು, ಅದು ಒಳ್ಳೆಯದಿತ್ತು. ಸೋಮವಾರದಿಂದ ಕೌಂಟರಿನಲ್ಲಿ ಕೂರಿ, ಆಗದಿದ್ದರೆ ಮನೆಯಲ್ಲಿರಿ ಅಂದ. ಹಾಗೆ ಹೇಳಿ, ಮೇಣ ಕಾಯಿಸುವ ನನ್ನ ಸ್ಪಿರಿಟ್ ದೀಪ ಆರಿಸಿದ.

ಯಾರ ಹಲ್ಲಿಗೋ ನನ್ನ ಅನ್ನದ ತಟ್ಟೆ ಒದ್ದುಕೊಂಡೆ. ಹುಚ್ಚುಮುಂಡೆ ನಾನು. ಮನೆಯಲ್ಲಿ ಇವರಿಗೆ ಹೇಳಿದೆ. ನಿನ್ನ ಕೈಗೂ ವಿಶ್ರಾಂತಿ ಆಗುತ್ತದೆ ಅಂದರು. ಪಾತ್ರೆ ಎತ್ತಿ ಒಗೆಯಬೇಕು ಅನ್ನಿಸಿತು, ಎತ್ತಲು ಬೆರಳು ಮಡಚಲಿಲ್ಲ.

ಮಾರ್ಚ್ 24, ಸೋಮವಾರ

ಕೌಂಟರು. ಬಾಗಿಲ ಗಾಳಿ ನೇರ ಕಾಲಿಗೆ ಬಡಿಯುತ್ತದೆ. ನನ್ನ ಬೆಂಚಿನಲ್ಲಿ ಹೊಸಬ ಕೂತಿದ್ದಾನೆ, ಮೇಣವನ್ನು ಅತಿಯಾಗಿ ಕಾಯಿಸುತ್ತಾನೆ, ವಾಸನೆ ಇಲ್ಲಿಗೇ ಬರುತ್ತದೆ. ಹೇಳಲಿಲ್ಲ. ಸುಡಲಿ.

ಫೋನು ಫೋನು ಫೋನು. ಒಬ್ಬಳು ಹೆಂಗಸು, ಅತ್ತೆಯ ಸೆಟ್ಟು ನೋಯುತ್ತದೆ, ಡಾಕ್ಟರು ಏನೂ ಇಲ್ಲ ಅಂತಾರೆ ಅಂದಳು. ಅತ್ತೆಗೇ ಕೊಡಿ ಫೋನು ಅಂದೆ. ಎಲ್ಲಿ, ಯಾವಾಗ, ತೆಗೆದಿಟ್ಟರೂ ನೋಯುತ್ತದಾ, ಎಲ್ಲ ಕೇಳಿದೆ. ಆ ಮುದುಕಿ ಮುಗಿಸುವ ಹೊತ್ತಿಗೆ ಟೀ ತಣ್ಣಗಾಯಿತು. ದಿನಾ ಹೀಗೇ ಆದರೆ ನನ್ನ ಕಿವಿ ಉದುರಿಹೋಗುತ್ತದೆ.

ಮಾರ್ಚ್ 27, ಗುರುವಾರ

ಕೀಲು ಡಾಕ್ಟರ ಹತ್ತಿರ ಹೋಗುವ ದಿನ. ಇವರು ಮಕ್ಕಳನ್ನು ಇಳಿಸಿ, ಖಾಲಿ ಸ್ಕೂಲ್ ಬಸ್ಸಿನಲ್ಲೇ ನನ್ನನ್ನು ಕರೆದುಕೊಂಡು ಹೋದರು. ಹಾಗೆ ಮಾಡುವಂತಿಲ್ಲ, ಯಾರಾದರೂ ನೋಡಿದರೆ ನಿಮ್ಮ ಕೆಲಸವೂ ಹೋಗುತ್ತದೆ ಅಂದೆ. ಹೋಗಲಿ ಬಿಡು ಅಂದರು. ಈ ಮನುಷ್ಯನಿಗೆ ಎಲ್ಲವೂ ಹೋಗಲಿ ಬಿಡು.

ಡಾಕ್ಟರು ಬೆರಳು ಒತ್ತಿ ನೋಡಿದರು, ರಕ್ತದ ರಿಪೋರ್ಟು ನೋಡಿದರು, ಚೆನ್ನಾಗಿದೆ ಅಂದರು. ಕಾಲು ಹೇಗಿದೆ, ಐದೇನಾ ಅಂತ ಕೇಳುತ್ತಾ ಆಗಲೇ ಬರೆಯಲು ಶುರುಮಾಡಿದರು. ಐದು ಅಂತ ಬಾಯಿಗೆ ಬಂದಿತ್ತು. ಆದರೆ ಯಾವ ಬೆಂಚಿಗೆ ಅಂತ ಐದು ಅನ್ನಲಿ ಇನ್ನು.

"ಒಂಬತ್ತು," ಅಂದೆ. "ಯಾವಾಗ್ಲೂ ಒಂಬತ್ತೇ ಇತ್ತು."

ಡಾಕ್ಟರ ಪೆನ್ನು ನಿಂತಿತು. ಮೂಗಿನ ಮೇಲಿನ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಇಷ್ಟು ದಿನ ನನ್ನ ಬೆರಳು ನೋಡಿದ್ದರೇ ಹೊರತು ಮುಖ ನೋಡಿರಲಿಲ್ಲ. ಮೊದಲಿಂದ ಹೇಳಿ ಅಂದರು. ಹೇಳಿದೆ. ಹೊದಿಕೆ, ಚಪ್ಪಲಿ, ಒದ್ದೆ ಬಟ್ಟೆ, ಹತ್ತಿ ತುರುಕಿದ ತಲೆ, ಕೋರೆಹಲ್ಲು, ಎಲ್ಲ. ಹೊರಗೆ ಜನ ಕಾಯುತ್ತಿದ್ದರು, ಕಾಯಲಿ. ಕೊನೆಗೆ ಅವರು, ಇದು ಸಂಧಿವಾತದಿಂದ ಬಂದದ್ದೋ ಬೇರೆಯೋ ನನಗೆ ನಿಜವಾಗಿ ಗೊತ್ತಿಲ್ಲ ಅಂದರು. ಗೊತ್ತಿಲ್ಲ ಅನ್ನಲು ಇವರಿಗೆ ಇಷ್ಟು ದಿನ ಬೇಕಾಯಿತು. ಮಾತ್ರೆ ಬದಲಾಯಿಸಿದರು. ನೋವನ್ನೇ ನೋಡುವ ಬೇರೆ ಡಾಕ್ಟರಿಗೆ ಕಾಗದ ಬರೆದುಕೊಟ್ಟರು. ವಾಸಿಯಾಗುತ್ತದೆ ಅಂತ ಹೇಳಲಿಲ್ಲ.

ಇವರು ಇಷ್ಟು ಹೊತ್ತೂ ಪಕ್ಕದ ಕುರ್ಚಿಯಲ್ಲಿದ್ದರು. ತಲೆಯಾಡಿಸಲಿಲ್ಲ.

ಬಸ್ಸಿಗೆ ಬಂದು ಮೊದಲ ಸಾಲಿನಲ್ಲಿ, ಮಕ್ಕಳ ಸೀಟಿನಲ್ಲಿ ಕೂತೆ. ಕಾಲು ಚಾಚಲು ಜಾಗವಿಲ್ಲ. ಇವರು ಸ್ಟಿಯರಿಂಗ್ ಹಿಡಿದು ಕೂತರು, ಬಸ್ಸು ಹೊರಡಲಿಲ್ಲ. ಗಾಡಿ ತೆಗೆಯಿರಿ, ಸಂಜೆಯ ಮಕ್ಕಳಿಗೆ ಹೊತ್ತಾಗುತ್ತದೆ ಅಂದೆ. ಅವರು ಹಿಂದೆ ತಿರುಗಲಿಲ್ಲ.

"ಡಾಕ್ಟ್ರಿಗೆ ಹೇಳದಿದ್ರೆ ಹೋಗ್ಲಿ. ನಾನು ರಾತ್ರಿಯೆಲ್ಲ ಪಕ್ಕದಲ್ಲೇ ಮಲಗಿರ್ತೀನಲ್ಲೇ. ಹೊದಿಕೆ ಸರಿಮಾಡ್ತೀನಿ ಅಂತ ಎಷ್ಟು ಸಲ ನಿನ್ನ ಕಾಲ ಮೇಲೆ ಎಳೆದಿದ್ದೀನಿ."

ಬೆಂಚು ಹೋದ ದಿನ ನಾನು ಅತ್ತಿರಲಿಲ್ಲ. ಸೂಜಿ ಚುಚ್ಚಿದಾಗ ಅತ್ತಿರಲಿಲ್ಲ. ಆ ಸಣ್ಣ ಸೀಟಿನಲ್ಲಿ ಕೂತು ಗೊಳೋ ಅಂತ ಅತ್ತೆ. ಇವರು ಎದ್ದು ಬಂದು, ಎಲ್ಲಿ ಮುಟ್ಟಿದರೆ ನೋಯುವುದಿಲ್ಲ ಅಂತ ಕೇಳಿದರು. ಬಲಭುಜ ತೋರಿಸಿದೆ. ಅಲ್ಲಿ ಕೈಯಿಟ್ಟುಕೊಂಡು ನಿಂತರು.